ಹದ ಕಾಯುವ ನೆಲ: ಕಲ್ಮಲದ ಮಳೆದಾರಿಯಲ್ಲಿ ಒಂದು ಸೈಕಲ್ ಸಂಚಾರ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಪುಣ್ಯನದಿಗಳ ನಡುವೆ ಹರಡಿಕೊಂಡಿರುವ ನಾಡನ್ನು ಪ್ರಾಚೀನ ಶಾಸನಗಳು ಎಡೆದೊರೆನಾಡು ಎಂದು ಕರೆದಿವೆ. ಇತಿಹಾಸಕಾರರು ಇದನ್ನೇ ರಾಯಚೂರು ದೋಆಬ್ ಎನ್ನುತ್ತಾರೆ. ಈ ನೆಲಕ್ಕಾಗಿ ನಡೆದ ಕಾಳಗಗಳು ಒಂದೆರಡಲ್ಲ. ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಳ ಕಾಲ ಇದಕ್ಕಾಗಿ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಹನನ್ನು ಸೋಲಿಸಿ ರಾಯಚೂರಿನ ಕೋಟೆಯನ್ನು ವಶಪಡಿಸಿಕೊಂಡನು. ಅರಸರೆಲ್ಲ ಕಾಲಗರ್ಭದಲ್ಲಿ ಅಡಗಿದರು. ನೆಲ ಮಾತ್ರ ಇದ್ದಲ್ಲಿಯೇ ಇದೆ. ಅದರ ಗುಣಸ್ವಭಾವವನ್ನು ಬಲ್ಲವರು ಅಂದೂ ಇಂದೂ ಅದನ್ನು ಉಳುವ ಒಕ್ಕಲುಮಕ್ಕಳೇ.

ರಾಯಚೂರು ನಗರದಿಂದ ಪಶ್ಚಿಮಕ್ಕೆ ಸುಮಾರು ಹದಿನೈದು ಕಿಲೋಮೀಟರು ಸಾಗಿದರೆ ಕಲ್ಮಲ ಸಿಗುತ್ತದೆ. ಇದು ರಾಯಚೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಇಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಲಿಂಗಸುಗೂರಿನ ಕಡೆಗೆ ನಡೆದರೆ, ಇನ್ನೊಂದು ಮಾನ್ವಿ, ಸಿಂಧನೂರುಗಳ ಮೂಲಕ ದೂರದ ಶಿಗ್ಗಾಂವಿಯವರೆಗೂ ಹೋಗುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಕಲ್ಮಲವೆಂದರೆ ಕ್ಷಣಕಾಲ ನಿಂತು ಮುಂದೆ ಹೊರಡುವ ಒಂದು ತಾಣ. ಆದರೆ ಸುತ್ತಲಿನ ಹಳ್ಳಿಗಳ ಭಕ್ತರಿಗೆ ಅದು ಕರಿಯಪ್ಪ ತಾತನ ಊರು. ಸಿದ್ಧಪುರುಷರನ್ನು ‘ತಾತ’ ಎಂದು ಮನೆಯ ಹಿರಿಯರಂತೆ ಕರೆಯುವುದು ಈ ಸೀಮೆಯ ರೂಢಿ. ದೇವರನ್ನೂ ಗುರುವನ್ನೂ ಬಂಧುತ್ವದಲ್ಲಿ ಬೆಸೆದುಕೊಳ್ಳುವ ಈ ಸಂಬೋಧನೆಯಲ್ಲಿಯೇ ಇಲ್ಲಿಯ ಜನರ ಹೃದಯ ಕಾಣುತ್ತದೆ.

ಈ ಭಾಗದ ನೆಲಕ್ಕೆ ಎರಡು ಬಣ್ಣ. ಬಂಡೆಗಲ್ಲಿನ ಗುಡ್ಡಗಳ ತಪ್ಪಲಲ್ಲಿ ಕೆಂಪು ಮಸಾರಿ ಮತ್ತು ಗರಸು. ತಗ್ಗಿನಲ್ಲಿ ಕಪ್ಪಾದ ಎರೆ. ಮಸಾರಿ ನೀರನ್ನು ಬಸಿದುಬಿಡುತ್ತದೆ. ಎರೆ ಹಾಗಲ್ಲ. ಅದರಲ್ಲಿ ಜೇಡಿಯ ಅಂಶ ಬಹಳ. ಮಾಂಟ್‌ಮೊರಿಲೊನೈಟ್ ಎಂದು ಭೂವಿಜ್ಞಾನಿಗಳು ಹೆಸರಿಸಿರುವ ಈ ಜಾತಿಯ ಜೇಡಿ ನೀರು ಕುಡಿದಂತೆ ಉಬ್ಬುತ್ತದೆ, ಒಣಗಿದಂತೆ ಕುಗ್ಗುತ್ತದೆ. ಆದುದರಿಂದಲೇ ಬೇಸಗೆಯಲ್ಲಿ ಎರೆಹೊಲವು ಕೈ ಇಳಿಯುವಷ್ಟು ಬಿರಿಯುತ್ತದೆ. ಮೇಲಿನ ಪುಡಿಮಣ್ಣು ಆ ಬಿರುಕುಗಳಲ್ಲಿ ಬಿದ್ದು, ಮಳೆ ಬಂದಾಗ ಕೆಳಗಿನದು ಮೇಲಕ್ಕೂ ಮೇಲಿನದು ಕೆಳಕ್ಕೂ ತಿರುಗುತ್ತದೆ. ತನ್ನನ್ನು ತಾನೇ ಉಳುವ ಮಣ್ಣು ಎಂದು ಇದಕ್ಕೆ ಹೆಸರು ಬಂದಿರುವುದು ಸುಮ್ಮನೆ ಅಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ ಈ ಬರದ ನಾಡಿನಲ್ಲಿ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು ಹತ್ತಿ, ತೊಗರಿ, ಜೋಳಗಳನ್ನು ಸಾಕುವವಳು ಇವಳೇ. ಮಾನ್ವಿ, ಸಿಂಧನೂರುಗಳ ಕಡೆ ತುಂಗಭದ್ರಾ ಎಡದಂಡೆಯ ಕಾಲುವೆಯೂ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆಯ ಕಾಲುವೆಯೂ ಬಂದು ಭತ್ತದ ಗದ್ದೆಗಳಾದವು, ನಿಜ. ಕಾಲುವೆ ತಲುಪದ ಹೊಲಗಳ ಪಾಲಿಗೆ ಮಳೆಯೇ ಇಂದಿಗೂ ಗತಿ.

ಚಕ್ರಕ್ಕೂ ಈ ಊರಿಗೂ ಇರುವ ನಂಟು ಹಳೆಯದು. ರಾಯಚೂರಿನ ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಶಿಲೆಯಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಎಂಬಾತ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ತೆಲುಗು ಶಾಸನ ತಿಳಿಸುತ್ತದೆ. ಆ ಮಹಾಶಿಲೆಯನ್ನು ಬಂಡಿಯ ಮೇಲೇರಿಸಿ, ಕೋಣಗಳ ಸಾಲು ಕಟ್ಟಿ ಎಳೆಸಿದ ದೃಶ್ಯವನ್ನು ಅಲ್ಲಿಯೇ ಗೋಡೆಯ ಮೇಲೆ ಗೀರಿ ತೋರಿಸಿದ್ದಾರೆ. ಚಕ್ರಕ್ಕೆ ಸನ್ನೆಗೋಲು ಕೊಟ್ಟು ಜನರು ಒತ್ತುತ್ತಿರುವುದೂ ಅದರಲ್ಲಿದೆ. ಅರಸನ ಹೆಸರನ್ನು ಬರೆಸುವವರು ಬಹಳ. ಹೊರೆ ಹೊತ್ತವರನ್ನೂ ಎಳೆದ ಪಶುಗಳನ್ನೂ ಚಿತ್ರಿಸಿದವರು ವಿರಳ. ಇಂದಿಗೂ ಕಾರಹುಣ್ಣಿಮೆಯ ಸಮಯದಲ್ಲಿ ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರವಾದ ಕಲ್ಲುಗಳನ್ನು ಎಳೆಯುವ ಸ್ಪರ್ಧೆ ನಡೆಯುತ್ತದೆ. ಅದನ್ನು ಕಂಡಾಗಲೆಲ್ಲ ಕೋಟೆಯ ಆ ಗೀರುಚಿತ್ರಕ್ಕೆ ಜೀವ ಬಂದಂತೆ ತೋರುತ್ತದೆ.

ಈಗ ನಮ್ಮ ಮಕ್ಕಳು ಮೊಮ್ಮಕ್ಕಳು ಬೇರೊಂದು ಬಗೆಯ ಚಕ್ರವನ್ನು ಮೆಚ್ಚಿಕೊಂಡಿದ್ದಾರೆ. ಅದಕ್ಕೆ ಮೌಂಟನ್ ಬೈಕ್ ಎಂದು ಹೆಸರು. ಕನ್ನಡದಲ್ಲಿ ಗುಡ್ಡದ ಸೈಕಲ್ ಎನ್ನಬಹುದು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡಕ್ಕೆ ಒಯ್ದು, ಮಣ್ಣಿನ ದಾರಿಯಲ್ಲಿ ಇಳಿಸುತ್ತಿದ್ದರಂತೆ. ಆ ಆಟವೇ ಬೆಳೆದು 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯಾಗಿ ಸೇರಿತು. ನಮ್ಮ ಕನ್ನಡ ನಾಡಿಗೂ ಇದು ಹೊಸದಲ್ಲ. ವಿಜಯಪುರ, ಬಾಗಲಕೋಟೆಗಳ ಸೀಮೆಯಲ್ಲಿ ಜಾತ್ರೆಗಳಲ್ಲಿ ಸೈಕಲ್ ಓಟ ಇಡುವ ವಾಡಿಕೆಯಿದೆ. ಅಲ್ಲಿಯ ಒಕ್ಕಲುಮನೆತನದ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ಗಳಿಸಿದ್ದಾರೆ. 2021ರಲ್ಲಿ ಗುಡ್ಡದ ಸೈಕಲ್ಲಿನ ರಾಷ್ಟ್ರೀಯ ಸ್ಪರ್ಧೆ ನಡೆದದ್ದು ನಮ್ಮ ಗದಗಿನಲ್ಲಿಯೇ. ತೋಂಟದಾರ್ಯ ಮಠದ ಆ ಪುಣ್ಯಕ್ಷೇತ್ರಕ್ಕೆ ದೇಶದ ನಾನಾ ರಾಜ್ಯಗಳ ಯುವಕ ಯುವತಿಯರು ಸೈಕಲ್ಲುಗಳೊಡನೆ ಬಂದಿಳಿದಿದ್ದರು.

ರಾಯಚೂರಿನಲ್ಲಿ ಇಂಥ ಸೈಕಲ್ಲಿನ ಹವ್ಯಾಸವಿರುವ ಒಂದು ಸಣ್ಣ ಬಳಗವಿದೆ. ಅದಕ್ಕೆ ಕಚೇರಿಯಿಲ್ಲ, ಫಲಕವಿಲ್ಲ. ವ್ಯಾಯಾಮ ಶಿಕ್ಷಕರೊಬ್ಬರು ಮುಂದಾಳು. ಬ್ಯಾಂಕಿನಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳು, ಔಷಧದ ಅಂಗಡಿಯ ತರುಣ, ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಇಬ್ಬರು ವಿದ್ಯಾರ್ಥಿಗಳು, ಹೀಗೆ ಹನ್ನೊಂದು ಮಂದಿ. ಭಾನುವಾರದ ನಸುಕಿನಲ್ಲಿ ಕೂಡಿ ಹೊರಡುತ್ತಾರೆ. ಒಮ್ಮೆ ನನ್ನ ಪ್ರವಚನ ಮುಗಿದ ಮೇಲೆ ಆ ಶಿಕ್ಷಕರು ಬಂದು, “ಅಜ್ಜಾರ, ಮುಂದಿನ ವಾರ ಕಲ್ಮಲದ ಕಡೆ ಹೊಂಟೀವಿ. ನೀವೂ ಬರ್ರಿ. ಗೇರಿನ ಸೈಕಲ್ ನಾನು ಕೊಡ್ತೀನಿ” ಎಂದರು. ಮಠದ ಪಾಠಶಾಲೆಯಲ್ಲಿ ಓದುವ ದಿನಗಳಲ್ಲಿ ಭಕ್ತರ ಊರುಗಳಿಗೆ ದವಸ ತರಲು ಬಾಡಿಗೆಯ ಸೈಕಲ್ ತುಳಿದ ಅಭ್ಯಾಸ ನನಗಿತ್ತು. ಗುಡ್ಡದ ಸೈಕಲ್ಲನ್ನು ಮಾತ್ರ ಮುಟ್ಟಿರಲಿಲ್ಲ. ಅರವತ್ತು ದಾಟಿದ ಮೇಲೆ ಹೊಸ ವಿದ್ಯೆಗೆ ಕರೆಯುವವರು ಎಷ್ಟು ಜನ ಸಿಕ್ಕಾರು? ಒಪ್ಪಿಕೊಂಡೆ.

ಆರಿದ್ರಾ ಮಳೆ ಹಿಡಿದಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಒಂದು ವಾರದಲ್ಲಿತ್ತು. ಲಿಂಗಪೂಜೆ ಮುಗಿಸಿ ಐದೂವರೆಗೆ ಕೋಟೆಯ ಬಳಿ ಹೋದಾಗ ಜಿನುಗು ಹನಿ ಬೀಳುತ್ತಿತ್ತು. ಧೋತರವನ್ನು ಬಿಗಿಯಾಗಿ ಕಚ್ಚೆ ಹಾಕಿಕೊಂಡಿದ್ದೆ. ಹಣೆಯ ವಿಭೂತಿಯ ಮೇಲೆ ಶಿರಸ್ತ್ರಾಣ ಕುಳಿತಾಗ ಬ್ಯಾಂಕಿನ ತಂಗಿ ನಗು ತಡೆಯಲಾರದೆ ಮುಖ ತಿರುಗಿಸಿದಳು. ನನಗೂ ನಗು ಬಂತು. ಮುಂದಾಳು ಮಾತ್ರ ಗಂಭೀರವಾಗಿಯೇ ಪಾಠ ಆರಂಭಿಸಿದರು. ಒದ್ದೆ ದಾರಿಯಲ್ಲಿ ಟೈರಿನ ಗಾಳಿ ಸ್ವಲ್ಪ ಕಡಿಮೆಯಿರಬೇಕು. ಆಗ ಅದು ನೆಲವನ್ನು ಅಗಲವಾಗಿ ಹಿಡಿಯುತ್ತದೆ. ಏರು ಬರುವ ಮೊದಲೇ ಗೇರು ಇಳಿಸಬೇಕು. ಏರಿನ ನಡುವೆ ಒತ್ತಡದಲ್ಲಿ ಬದಲಿಸಿದರೆ ಚೈನು ಕಳಚುತ್ತದೆ. ಇಳಿಜಾರಿನಲ್ಲಿ ಎರಡೂ ಪೆಡಲುಗಳನ್ನು ಸಮಮಟ್ಟದಲ್ಲಿರಿಸಿ, ಮೈಭಾರವನ್ನು ಹಿಂದಕ್ಕೆ ತರಬೇಕು. ಎರಡು ಬ್ರೇಕುಗಳನ್ನೂ ಮೆಲ್ಲಗೆ ಒತ್ತಬೇಕು. ಮುಂದಿನದೊಂದನ್ನೇ ಥಟ್ಟನೆ ಹಿಡಿದರೆ ಸವಾರನು ಸೈಕಲ್ಲಿಗಿಂತ ಮೊದಲು ಊರು ಸೇರುತ್ತಾನೆ. ದೃಷ್ಟಿ ಚಕ್ರದ ಮೇಲಿರದೆ ಹತ್ತು ಮಾರು ಮುಂದಿರಬೇಕು. ಇವೆಲ್ಲವನ್ನೂ ಕೇಳುತ್ತಿದ್ದಂತೆ ಆಸನ ಪ್ರಾಣಾಯಾಮಗಳ ಮೊದಲ ಪಾಠ ನೆನಪಾಯಿತು. ದೇಹಕ್ಕೆ ಕಲಿಸುವ ಯಾವ ವಿದ್ಯೆಯಾದರೂ ಉಸಿರನ್ನೂ ನೋಟವನ್ನೂ ನಿಲ್ಲಿಸುವಲ್ಲಿಂದಲೇ ತೊಡಗುತ್ತದೆ.

ಹೆದ್ದಾರಿಯಲ್ಲಿ ಲಾರಿಗಳ ಸಂಚಾರ ಇನ್ನೂ ಹೆಚ್ಚಿರಲಿಲ್ಲ. ಸಾಲಾಗಿ ಒಬ್ಬರ ಹಿಂದೊಬ್ಬರು ಹೊರಟೆವು. ಬಳಗದಲ್ಲಿ ನುರಿತವನೊಬ್ಬ ಎಲ್ಲರಿಗಿಂತ ಹಿಂದೆ ಬರಬೇಕೆಂಬುದು ಅವರ ಕಟ್ಟಳೆ. ಯಾರೇ ಹಿಂದುಳಿದರೂ ಅವನು ಅವರಿಗಿಂತ ಹಿಂದೆ. ಆ ದಿನ ಔಷಧದಂಗಡಿಯ ತರುಣ ಆ ಸ್ಥಾನದಲ್ಲಿದ್ದ. ಅಂದರೆ ನನ್ನ ಬೆನ್ನಿಗೇ ಇದ್ದ. ಫಾಲ್ಗುಣ ಮಾಸದಲ್ಲಿ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ಕಂಬಿ ಹೊತ್ತು, ಬರಿಗಾಲಲ್ಲಿ ನಮ್ಮ ಜಿಲ್ಲೆಯ ದಾರಿಗಳನ್ನು ತುಳಿಯುವ ಪಾದಯಾತ್ರಿಗಳಲ್ಲಿಯೂ ಇದೇ ಪದ್ಧತಿಯನ್ನು ಕಂಡಿದ್ದೇನೆ. ಕಾಲು ಒಡೆದವನನ್ನು ಬಿಟ್ಟು ಕಂಬಿ ಮುಂದೆ ಹೋಗುವುದಿಲ್ಲ.

ಕಲ್ಮಲ ಇನ್ನು ನಾಲ್ಕೈದು ಕಿಲೋಮೀಟರಿರುವಾಗ ಹೆದ್ದಾರಿಯನ್ನು ಬಿಟ್ಟು ಗರಸಿನ ಬಂಡಿದಾರಿಗೆ ಹೊರಳಿದೆವು. ಗುಡ್ಡದ ಸೈಕಲ್ಲಿನ ಸೊಗಸು ತಿಳಿದದ್ದು ಆಗ. ಮಳೆಗೆ ತೊಳೆದ ಬಂಡೆಗಳು ಆನೆಗಳ ಹಿಂಡು ಮಿಂದು ಎದ್ದಂತೆ ಹೊಳೆಯುತ್ತಿದ್ದವು. ಕೆಂಪು ಗರಸು ನೀರನ್ನು ಬಸಿದು ಗಟ್ಟಿಯಾಗಿ ನಿಂತಿತ್ತು. ಚಕ್ರದ ಕೆಳಗೆ ಸಣ್ಣ ಹರಳುಗಳು ಕರಕರನೆ ಸದ್ದು ಮಾಡಿದವು. ಬನ್ನಿ, ಜಾಲಿಗಳ ನಡುವಿನ ಏರನ್ನು ಚಿಕ್ಕ ಗೇರಿನಲ್ಲಿ ಹತ್ತಿದಾಗ ಎದೆ ಬಡಿತ ಏರಿತು; ಇಳಿದಾಗ ತಂಗಾಳಿ ಕಿವಿಯಲ್ಲಿ ಹಾಡಿತು. ನವಿಲೊಂದು ಬದುವಿನ ಮೇಲಿಂದ ನಮ್ಮನ್ನು ದಿಟ್ಟಿಸಿ ನೋಡಿ, ಅವಸರವಿಲ್ಲದೆ ಸರಿದು ಹೋಯಿತು. ಗಂಟುಮೊಣಕಾಲಿನ ನೋವನ್ನು ಅಷ್ಟು ಹೊತ್ತು ಮರೆತಿದ್ದೆನೆಂಬುದು ಆಮೇಲೆ ತಿಳಿಯಿತು.

ಒಂದು ಚಿಕ್ಕ ಹಳ್ಳವನ್ನು ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ಕೆಂಪು ಮುಗಿದು ಕಪ್ಪು ಮೊದಲಾಯಿತು. ಹತ್ತು ಮಾರು ಹೋಗುವಷ್ಟರಲ್ಲಿ ಎರೆಮಣ್ಣು ಟೈರಿಗೆ ಸುತ್ತಿಕೊಂಡಿತು. ಇಪ್ಪತ್ತು ಮಾರಿಗೆ ಅದು ರೊಟ್ಟಿಯ ಹಿಟ್ಟಿನಂತೆ ಫೋರ್ಕಿನ ಸಂದಿಯನ್ನು ತುಂಬಿತು. ಮೂವತ್ತು ಮಾರಿಗೆ ಹನ್ನೆರಡು ಸೈಕಲ್ಲುಗಳೂ ನಿಂತುವು. ತಳ್ಳಿದರೆ ಚಕ್ರ ತಿರುಗದು, ಎಳೆದರೆ ಜಾರುವುದು. ಗೇರುಗಳ ಸಂಖ್ಯೆ ಇಪ್ಪತ್ತೊಂದಿದ್ದರೂ ಒಂದೂ ಉಪಯೋಗಕ್ಕೆ ಬರಲಿಲ್ಲ. ಕಡ್ಡಿಯಿಂದ ಕೆರೆದು ತೆಗೆದಷ್ಟೂ ಎರಡು ಹೆಜ್ಜೆಗೆ ಮತ್ತೆ ಮೆತ್ತಿಕೊಳ್ಳುತ್ತಿತ್ತು. ಮುಂದೆ ನೋಡಿದರೆ ಬಂಡಿದಾರಿಯು ತಗ್ಗಿನಲ್ಲಿ ನೀರು ನಿಂತು ಮಾಯವಾಗಿತ್ತು. ಹಿಂದೆ ಹಳ್ಳದ ಸದ್ದು ಏರುತ್ತಿತ್ತು. ಮೇಲೆಲ್ಲೋ ಮಳೆ ಬಿದ್ದಿರಬೇಕು. ಪಶ್ಚಿಮದಲ್ಲಿ ಮೋಡ ಕಪ್ಪಿಟ್ಟಿತ್ತು. ಎಡಕ್ಕೆ ಒಂದು ಹೊಲ. ಅದರಾಚೆ, ಅರ್ಧ ಕಿಲೋಮೀಟರಿನಲ್ಲಿ, ಊರಿಗೆ ಹೋಗುವ ಗರಸಿನ ರಸ್ತೆ ಕಾಣುತ್ತಿತ್ತು. ತರುಣರ ಕಣ್ಣು ಆ ಹೊಲದ ಮೇಲೆ ಬಿತ್ತು. ಒಬ್ಬನು ಸೈಕಲ್ಲನ್ನು ಹೊಲದೊಳಕ್ಕೆ ಹೊರಳಿಸಿಯೂ ಬಿಟ್ಟನು.

“ಯಪ್ಪಾ, ಅಲ್ಲೇ ನಿಂದರ್ರಿ. ಹೊಲದಾಗ ಇಳೀಬ್ಯಾಡ್ರಿ.”

ತಲೆಯ ಮೇಲೆ ಗೊಬ್ಬರದ ಚೀಲವನ್ನು ಕೊಪ್ಪೆಯಂತೆ ಹೊದ್ದ ಹಿರಿಯನೊಬ್ಬ ಬದುವಿನ ಮೇಲೆ ನಿಂತಿದ್ದನು. ಪಕ್ಕದಲ್ಲಿ ಹದಿನೆಂಟರ ಹರೆಯದ ಅವನ ಮಗ. ಹೊಲದಲ್ಲಿ ಹತ್ತಿ ಎರಡೆಲೆ ಒಡೆದಿತ್ತು.

“ಕಾಕಾ, ಹನ್ನೆರಡ ಸೈಕಲ್ ಅದಾವ ಅಷ್ಟ. ಸಾಲಿನ ನಡುವ ಹಿಡದು ದಾಟತೀವಿ. ಒಂದು ಸಸಿನೂ ತುಳಿಯಂಗಿಲ್ಲ” ಎಂದು ವಿದ್ಯಾರ್ಥಿ ಬೇಡಿಕೊಂಡನು.

“ಸಸಿ ಮಾತಲ್ಲಪ್ಪ, ನೆಲದ ಮಾತು. ಇನ್ನಾ ಹದ ಬಂದಿಲ್ಲ. ನಾಕು ದಿನದಿಂದ ನನ್ನ ಎತ್ತ ಕೊಟ್ಟಿಗ್ಯಾಗ ಕಟ್ಟೀನಿ. ನನ್ನ ಎತ್ತ ಇಳಿಸದ ಹೊಲಕ್ಕ ನಿಮ್ಮ ಗಾಡಿ ಹೆಂಗ ಇಳಸ್ಲಿ?”

ಆ ಮಾತಿಗೆ ತಕ್ಷಣ ಯಾರಲ್ಲಿಯೂ ಉತ್ತರವಿರಲಿಲ್ಲ. ಆದರೆ ಹಳ್ಳದ ಸದ್ದು ಉತ್ತರಕ್ಕಾಗಿ ಕಾಯುವಂತಿರಲಿಲ್ಲ. ಔಷಧದಂಗಡಿಯ ತರುಣನಿಗೆ ಸಿಟ್ಟು ಬಂದಿತು. ದಾರಿ ಹಾಳಾದದ್ದು ನಮ್ಮ ತಪ್ಪೇ, ಇಷ್ಟು ಜನ ಮಳೆಯಲ್ಲಿ ಸಿಕ್ಕಿಕೊಂಡಿರುವಾಗ ಮಣ್ಣಿನ ಮಾತೇ, ಜೊತೆಯಲ್ಲಿ ವಯಸ್ಸಾದವರಿದ್ದಾರೆ ಎಂದು ನನ್ನನ್ನು ತೋರಿಸಿದನು. ರೈತನು ನನ್ನ ಕಡೆ ತಿರುಗಿದನು. ವಿಭೂತಿಯನ್ನು ಕಂಡು ಕೈಮುಗಿದು, “ಶರಣ್ರಿ ಸ್ವಾಮೇರ. ನೀವರ ಹೇಳ್ರಿ ಇವರಿಗೆ” ಎಂದನು. ನನ್ನ ಹೆಸರಿನಲ್ಲಿಯೇ ದಾರಿ ಕೇಳಲಾಗಿತ್ತು. ನನ್ನಿಂದಲೇ ತೀರ್ಪನ್ನೂ ಬಯಸಲಾಗಿತ್ತು. ನಾನು ಕೇಳಿದ್ದು ಇಷ್ಟೇ: “ಹದ ಬರೂದರೊಳಗ ಗಾಡಿ ಹಾಯ್ದರ ಏನಾಗತದ, ಯಜಮಾನ? ಇವು ಓದೋ ಹುಡುಗರು. ತಿಳಿಸಿ ಹೇಳು.”

ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಒತ್ತಿದನು. ಬೆರಳುಗಳ ಸಂದಿಯಿಂದ ಅದು ಜಿಗುಟಾಗಿ ಹೊರಬಂದಿತು. ಹದ ಬಂದ ಮಣ್ಣು ಮುಷ್ಟಿಯಲ್ಲಿ ಉಂಡೆಯಾಗುತ್ತದೆ, ಬೆರಳಿನಿಂದ ತಟ್ಟಿದರೆ ಪುಡಿಯಾಗುತ್ತದೆ. ಇದು ಉಂಡೆಯಾಗಿ ಉಂಡೆಯಾಗಿಯೇ ಉಳಿಯುತ್ತದೆ ಎಂದು ತೋರಿಸಿದನು. ಇಂಥ ಮಣ್ಣಿನ ಮೇಲೆ ಎತ್ತಿನ ಗೊರಸಾಗಲಿ ಚಕ್ರವಾಗಲಿ ಬಿದ್ದರೆ ಅದು ಒಳಗೆ ಅಡಕವಾಗುತ್ತದೆ. ಬಿಸಿಲು ಬಿದ್ದಾಗ ಇಟ್ಟಂಗಿಯಂತೆ ಬಿಗಿಯುತ್ತದೆ. ಆ ಸಾಲಿನಲ್ಲಿ ಬೇರು ಕೆಳಗಿಳಿಯದು, ನೀರು ಇಂಗದು. ಹನ್ನೆರಡು ಚಕ್ರದ ಗೀರುಗಳು ಮುಂದಿನ ದೊಡ್ಡ ಮಳೆಗೆ ಹನ್ನೆರಡು ಕಾಲುವೆಗಳಾಗಿ ಮೇಲ್ಮಣ್ಣನ್ನು ಹಳ್ಳಕ್ಕೆ ಒಯ್ಯುತ್ತವೆ. ಬಿ.ಟಿ. ಹತ್ತಿಬೀಜದ ಒಂದು ಪೊಟ್ಟಣಕ್ಕೆ ಎಂಟುನೂರು ರೂಪಾಯಿಗೂ ಮಿಕ್ಕು ಕೊಟ್ಟು ತಂದು ಬಿತ್ತಿದ ಹೊಲ ಅದು. “ಬೀಜ ಹೋದರ ಸಾಲ ಮಾಡಿ ಮತ್ತ ತರಬಹುದ್ರಿ. ನೆಲ ಕೆಟ್ಟರ ಎಲ್ಲಿಂದ ತರೂದು?” ಎಂದು ಅವನು ಮಣ್ಣನ್ನು ಮರಳಿ ಹೊಲಕ್ಕೇ ಹಾಕಿದನು.

ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅವರ ಪಾಠದಲ್ಲಿ ಅಂಕಿಗಳಾಗಿ ಇದ್ದ ಸಂಗತಿಯೇ ಇದು. ಹೊಲಕ್ಕೆ ಇಳಿದಿದ್ದವನು ಮೌನವಾಗಿ ಸೈಕಲ್ಲನ್ನು ಹಿಂದಕ್ಕೆತ್ತಿದನು. ಅವನ ಚಕ್ರ ಮೂಡಿಸಿದ ಎರಡು ಮಾರಿನ ಗೀರನ್ನು ರೈತನ ಮಗ ಕುರ್ಪಿಯಿಂದ ಮೆಲ್ಲಗೆ ಸಡಿಲಿಸಿದನು. ಆಗ ಯಜಮಾನನ ಮುಖ ಅರಳಿತು. “ಮನಿಶ್ಯಾರ್ಗೆ ಬ್ಯಾಡ ಅಂದಿಲ್ರಪ್ಪ ನಾನು. ಬದುವಿನ ಮ್ಯಾಲ ಹುಲ್ಲು ಅದ, ಕಾಲು ಕಚ್ಚಂಗಿಲ್ಲ. ಇಷ್ಟೊತ್ತು ಗಾಡಿ ನಿಮ್ಮನ್ನ ಹೊತ್ತಾವ, ಈಗ ನೀವು ಗಾಡಿ ಹೊರ್ರಿ” ಎಂದನು. ಸಿಟ್ಟಿಗೆದ್ದಿದ್ದ ತರುಣನೇ ಮೊದಲು ನಕ್ಕನು.

ಹೀಗೆ ಗುಡ್ಡದ ಸೈಕಲ್ಲುಗಳ ಮೆರವಣಿಗೆ ಹೊರಟಿತು. ಹದಿನಾಲ್ಕು ಹದಿನೈದು ಕಿಲೋ ತೂಗುವ ಸೈಕಲ್ಲು, ಅದರ ಮೇಲೆ ಅಂಟಿದ ಮಣ್ಣು. ಬೂಟುಗಳನ್ನು ಕಳಚಿ ಕೊರಳಿಗೆ ಕಟ್ಟಿಕೊಂಡು, ಬರಿಗಾಲಿನಲ್ಲಿ, ಬದುವಿನ ಹುಲ್ಲಿನ ಮೇಲೆ ಒಬ್ಬರ ಹಿಂದೊಬ್ಬರು. ಯಜಮಾನನು ಮುಂದೆ ನಡೆದು ಎಲ್ಲಿ ಕಾಲಿಡಬೇಕೆಂದು ತೋರಿಸುತ್ತಿದ್ದನು. ಬ್ಯಾಂಕಿನ ತಂಗಿ ಯಾರ ಸಹಾಯವನ್ನೂ ಬೇಡದೆ ತನ್ನ ಸೈಕಲ್ಲನ್ನು ತಾನೇ ಹೊತ್ತಳು. ನನ್ನದನ್ನು ರೈತನ ಮಗ ಹೆಗಲಿಗೇರಿಸಿಕೊಂಡನು. ನಾನು ಅವನ ಕೋಲನ್ನು ಪಡೆದೆ. ಅರ್ಧ ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಮಳೆ ಜೋರಾಗಿ ಸುರಿಯಿತು. ಗರಸಿನ ರಸ್ತೆ ಸೇರಿ ಹಿಂದಿರುಗಿ ನೋಡಿದಾಗ ಹಳ್ಳ ತುಂಬಿ ಹರಿಯುತ್ತಿತ್ತು. ಹತ್ತಿಯ ಹೊಲದಲ್ಲಿ ಒಂದು ಗೀರೂ ಇರಲಿಲ್ಲ.

ಕಲ್ಮಲವನ್ನು ತಲುಪಿ ಒಂದು ಬೋರ್‌ವೆಲ್ಲಿನ ಬಳಿ ಸೈಕಲ್ಲುಗಳನ್ನೂ ಕಾಲುಗಳನ್ನೂ ತೊಳೆದೆವು. ಕರಿಯಪ್ಪ ತಾತನ ಗುಡಿಯಲ್ಲಿ ಕೈಮುಗಿದು ಹೊರಬಂದಾಗ ಹೋಟೆಲ್ಲಿನಲ್ಲಿ ಒಗ್ಗರಣೆಯೂ ಮಿರ್ಚಿಯೂ ಬಿಸಿಯಾಗಿದ್ದುವು. ಊರಿನ ಮಕ್ಕಳು ಸೈಕಲ್ಲುಗಳ ಸುತ್ತ ನೆರೆದು ಗೇರುಗಳನ್ನು ಎಣಿಸಿದರು. ಗುಡಿಯ ಕಟ್ಟೆಯ ಮೇಲಿದ್ದ ಹಿರಿಯರು ನಮ್ಮ ಕಥೆಯನ್ನು ಕೇಳಿ, ಆ ಯಜಮಾನ ಯಾರೆಂಬುದನ್ನು ಹೊಲದ ಗುರುತಿನಿಂದಲೇ ಹೇಳಿದರು. “ಅಂವ ಹದ ನೋಡೋದ್ರಾಗ ಗಟ್ಟಿ. ಅಂವ ಎತ್ತು ಹೂಡಿದ ದಿನನ ಊರೆಲ್ಲ ಹೂಡತದ” ಎಂದರು.

ಆ ದಿನದಿಂದ ‘ಹದ’ ಎಂಬ ಆ ಒಂದು ಪದ ನನ್ನ ಮನಸ್ಸಿನಲ್ಲಿ ಉಳಿದಿದೆ. ಅಡುಗೆಮನೆಯಲ್ಲಿ ಪಾಕಕ್ಕೆ ಹದ, ಕುಂಬಾರನಿಗೆ ಮಣ್ಣಿನ ಹದ, ಕಮ್ಮಾರನಿಗೆ ಕಬ್ಬಿಣದ ಹದ. ಮಠದಲ್ಲಿ ನಮ್ಮ ಗುರುಗಳು ವಿದ್ಯಾರ್ಥಿಗೂ ಹದವುಂಟು ಎನ್ನುತ್ತಿದ್ದರು. ಬಂದ ವರ್ಷವೇ ಷಟ್‌ಸ್ಥಲದ ಗ್ರಂಥವನ್ನು ಕೈಗೆ ಕೊಡುತ್ತಿರಲಿಲ್ಲ. ಕಸ ಗುಡಿಸುವುದು, ದಾಸೋಹದಲ್ಲಿ ಬಡಿಸುವುದು, ಹೂ ಎತ್ತುವುದು. ಇವುಗಳಲ್ಲಿ ಮನಸ್ಸು ನೆನೆದು, ಆರಿ, ಮುಷ್ಟಿಯಲ್ಲಿ ಉಂಡೆಯಾಗಿ ತಟ್ಟಿದರೆ ಬಿಡಿಯಾಗುವ ಸ್ಥಿತಿಗೆ ಬಂದ ಮೇಲೆಯೇ ಪಾಠದ ಬಿತ್ತನೆ. ಹದವನ್ನು ಕಾಯುವುದು ಸೋಮಾರಿತನವಲ್ಲ. ಎತ್ತನ್ನು ನಾಲ್ಕು ದಿನ ಕಟ್ಟಿಹಾಕಿದ ಆ ರೈತನು ಆ ನಾಲ್ಕು ದಿನವೂ ಹೊಲಕ್ಕೆ ಬಂದು ಮಣ್ಣನ್ನು ಹಿಡಿದು ನೋಡುತ್ತಲೇ ಇದ್ದನಲ್ಲವೇ?

ನಮ್ಮ ಜಿಲ್ಲೆಯದೇ ಆದ ಒಂದು ಶರಣಸಂಗತಿ ಇಲ್ಲಿ ನೆನಪಾಗುತ್ತದೆ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಅಂದಿಗೆ ಬೇಕಾದುದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ ಮರಳಿ ಸುರಿದು ಬರಲು ಕಳುಹಿಸಿದರೆಂದು ಪ್ರತೀತಿಯಿದೆ. ಬಿದ್ದ ಕಾಳನ್ನು ಆಯುವಲ್ಲಿಯೂ ಒಂದು ಮಿತಿಯುಂಟು ಎಂದು ಬಾಳಿ ತೋರಿಸಿದ ತಾಯಿ ನಡೆದಾಡಿದ ನೆಲವಿದು. ನೆರೆಯವರ ಹೊಲದ ಮೇಲೆ ಅರ್ಧ ಗಂಟೆಯನ್ನು ಉಳಿಸಿಕೊಳ್ಳುವ ಬಯಕೆ ಎಷ್ಟೇ ಸಣ್ಣದಾದರೂ ಅದು ನಮ್ಮ ಪಾಲಿಗಿಂತ ಹೆಚ್ಚಿನದು.

ಸೋಜಿಗದ ಮಾತೆಂದರೆ ಗುಡ್ಡದ ಸೈಕಲ್ಲಿನ ಶಾಸ್ತ್ರವೂ ಇದನ್ನೇ ಹೇಳುತ್ತದೆ. ಈ ಸವಾರರ ಅಂತರರಾಷ್ಟ್ರೀಯ ಸಂಘವೊಂದು 1988ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾಯಿತು. ಅದು ಹಾಕಿಕೊಟ್ಟ ನಿಯಮಗಳನ್ನು ಮುಂದಾಳುಗಳು ಆ ದಿನ ಹೋಟೆಲ್ಲಿನಲ್ಲಿ ನನಗೆ ವಿವರಿಸಿದರು. ಅನುಮತಿಯಿರುವ ದಾರಿಯಲ್ಲಿ ಮಾತ್ರ ಸವಾರಿ ಮಾಡಬೇಕು, ಹಿಂದೆ ಗುರುತು ಬಿಡಬಾರದು, ಸೈಕಲ್ ಹತೋಟಿಯಲ್ಲಿರಬೇಕು, ಇತರರಿಗೆ ದಾರಿ ಬಿಡಬೇಕು, ಪ್ರಾಣಿಗಳನ್ನು ಬೆದರಿಸಬಾರದು, ಸಿದ್ಧತೆಯಿಲ್ಲದೆ ಹೊರಡಬಾರದು. ಗುರುತು ಬಿಡಬಾರದೆಂಬ ನಿಯಮದ ಕೆಳಗೆ ಒದ್ದೆಯಾದ ಕೆಸರಿನ ಹಾದಿ ಬೇಗ ಕೆಡುತ್ತದೆ, ಅಂಥಲ್ಲಿ ಬೇರೆ ದಾರಿ ಹುಡುಕಬೇಕೆಂಬ ಸೂಚನೆಯೂ ಇದೆಯಂತೆ. ಕ್ಯಾಲಿಫೋರ್ನಿಯಾದ ಗುಡ್ಡದಲ್ಲಿ ಹುಟ್ಟಿದ ಆಟದ ನಿಯಮವೂ ಕಲ್ಮಲದ ಒಕ್ಕಲಿಗನ ನುಡಿಯೂ ಒಂದೇ ಆದುದು ಆಕಸ್ಮಿಕವಲ್ಲ. ನೆಲವನ್ನು ಹತ್ತಿರದಿಂದ ಕಂಡವರು ಎಲ್ಲಿಯೇ ಇರಲಿ, ಕೊನೆಗೆ ಒಂದೇ ಮಾತಿಗೆ ಬರುತ್ತಾರೆ.

ಈ ಬಳಗದವರು ಅಂದಿನಿಂದ ತಮ್ಮ ಮಳೆಗಾಲದ ಕಟ್ಟಳೆಯನ್ನು ತಿದ್ದಿಕೊಂಡಿದ್ದಾರೆ. ಮಳೆಯ ದಿನಗಳಲ್ಲಿ ಗರಸು ಮತ್ತು ಬಂಡೆಯ ದಾರಿಗಳಲ್ಲಿ ಮಾತ್ರ ಸಂಚಾರ. ಎರೆಯ ಸೀಮೆಗೆ ಹೋಗುವುದಾದರೆ ಮುಂಚಿನ ದಿನವೇ ಆ ಊರಿನವರನ್ನು ಫೋನಿನಲ್ಲಿ ಕೇಳುತ್ತಾರೆ. ಕಲ್ಮಲದ ಕಡೆಗೆ ಹೊರಡುವ ಮುನ್ನ ಕೇಳುವುದು ಆ ಯಜಮಾನನನ್ನೇ. ಅವನು ಎತ್ತು ಹೂಡಿದ್ದರೆ ಇವರು ಸೈಕಲ್ ಹೂಡುತ್ತಾರೆ. ದೀಪಾವಳಿಯ ಮುಂದೆ ಹತ್ತಿ ಬಿಡಿಸಲು ಆಳು ಸಿಗದಾಗ ಬಳಗದ ಆರು ಜನ ಒಂದು ಭಾನುವಾರ ಅವನ ಹೊಲಕ್ಕೆ ಹೋಗಿದ್ದರೆಂದು ಕೇಳಿ ನನಗೆ ಸಂತೋಷವಾಯಿತು. ಅಂದು ಸಿಟ್ಟಿಗೆದ್ದಿದ್ದ ತರುಣನೂ ಅವರಲ್ಲಿದ್ದನು.

ಶರಣ ಬಂಧುಗಳೇ, ನಿಮ್ಮ ಮನೆಯ ಮಕ್ಕಳು ಇಂಥ ಬಳಗಗಳಲ್ಲಿ ಸೇರುತ್ತೇವೆಂದರೆ ತಡೆಯಬೇಡಿರಿ, ಹೆಣ್ಣುಮಕ್ಕಳನ್ನಂತೂ ತಡೆಯಲೇಬೇಡಿರಿ. ಹಗಲಿರುಳು ಮೊಬೈಲಿನ ಮುಂದೆ ಬಾಗಿದ ಬೆನ್ನು ಒಂದು ಬೆಳಗಾದರೂ ಗಾಳಿಗೆ ನೆಟ್ಟಗಾಗಲಿ. ಶಿರಸ್ತ್ರಾಣವಿಲ್ಲದೆ ಕಳುಹಿಸಬೇಡಿರಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಬಯಲಿಗೂ ಒಂಟಿಮರದ ಕೆಳಗೂ ನಿಲ್ಲಬಾರದೆಂದು, ಹರಿಯುವ ಹಳ್ಳ ಮೊಣಕಾಲುದ್ದವಿದ್ದರೂ ಇಳಿಯಬಾರದೆಂದು ತಿಳಿಹೇಳಿರಿ. ಹೊಲದ ಬದಿಯಲ್ಲಿ ಒಡೆಯನನ್ನು ಕಂಡರೆ ಸೈಕಲ್ಲಿನಿಂದ ಇಳಿದು, ‘ದಾರಿ ಐತೇನ್ರಿ?’ ಎಂದು ಕೇಳುವ ಒಂದು ಮಾತನ್ನೂ ಕಲಿಸಿರಿ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಮ್ಮ ಮನೆಗಳಲ್ಲಿ ಹೊಲದ ಮಣ್ಣನ್ನು ತಂದು, ನೀರು ಬೆರೆಸಿ, ನಾದಿ, ಎತ್ತುಗಳನ್ನು ಮಾಡಿ ಜಗುಲಿಯ ಮೇಲಿರಿಸಿ ಪೂಜಿಸುತ್ತೇವೆ. ಹನ್ನೆರಡು ಸೈಕಲ್ಲುಗಳನ್ನು ನಿಲ್ಲಿಸಿದ್ದು ಅದೇ ಎರೆಮಣ್ಣು. ಮಕ್ಕಳು ಎತ್ತಿಗೆ ಕೊಂಬು ತಿದ್ದುವಾಗ ಮಣ್ಣು ತೀರ ನೀರಾದರೆ ಕೊಂಬು ನಿಲ್ಲದು, ತೀರ ಒಣಗಿದರೆ ಬಿರಿಯುವುದು. ಆಗ ಮನೆಯ ಅಜ್ಜಿ ಹೇಳುವ ಮಾತು ಒಂದೇ: ತಡೀ, ಹದ ಬರಲಿ.